ಅಯ್ಯನವರ ಪ್ರಾರ್ಥನೆಯೂ ಸುನಿಲನ ಕೇಕೂ

"ಈ ಸಲ ನಮ್ಮನೆ ಸ್ತೋತ್ರ ಕೂಟಕ್ಕೆ ಕೇಕ್ ಮಾಡೋನು ನಾನೇ!" ಎಂದು ಜಯಕುಮಾರ್ ಘೋಷಿಸಿದಾಗ ಮಮತ ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಿ, ಎದ್ದು ಬಂದು ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ರೀ, ನೀವು ಹಾಲು ಕಾಯಿಸೋಕೆ ನಿಂತ ದಿನ ಪಾತ್ರೆಯಲ್ಲಿ ಉಳಿದಿದ್ದಕ್ಕಿಂತ ಒಲೆ ಕುಡಿದದ್ದೇ ಜಾಸ್ತಿ."

"ಗೋಡೌನಲ್ಲಿ ಅಷ್ಟು ಜನರನ್ನ ಹದ್ದುಬಸ್ತಲ್ಲಿ ಇಟ್ಟವನಿಗೆ ಒಂದು ಕೇಕ್ ಯಾವ ಲೆಕ್ಕ ಕಣೇ?"

ಆ ಗೋಡೌನು ಮುಚ್ಚಿ, ಸೇಫ್ಟಿ ಸೂಪರ್‌ವೈಸರ್ ಜಯಕುಮಾರ್ ನೆಲಮಂಗಲದ ಮನೆಯಲ್ಲಿ ಕೂತು ಬಹಳ ಕಾಲವಾಗಿತ್ತು. ಅರ್ಜಿ ಹಾಕಿದ ಕಡೆಯೆಲ್ಲ "ಹೇಳಿ ಕಳಿಸ್ತೀವಿ" ಎಂದಿದ್ದರು. ಯಾರೂ ಹೇಳಿರಲಿಲ್ಲ, ಕಳಿಸಿರಲಿಲ್ಲ.

"ಸ್ತೋತ್ರ ಕೂಟಾನ ಕೆಲಸ ಸಿಕ್ಕಿದ ಮೇಲೆ ಇಟ್ಕೊಂಡ್ರೆ ಆಗಲ್ವಾ?" ಎಂದಳು ಮಮತ.

ಜಯಕುಮಾರ್ ಉತ್ತರಕ್ಕೆ ತಡಕಾಡಲಿಲ್ಲ. ಅದು ಸುನಿಲ್‌ಕುಮಾರನಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. "ಸಿಕ್ಕಿದ ಮೇಲೆ ದೇವರಿಗೆ ಥ್ಯಾಂಕ್ಸ್ ಹೇಳೋಕೆ ನಂಬಿಕೆ ಯಾಕೋ ಬೇಕು? ರಸೀದಿ ಸಾಕು!"

ಸಂಡೇಸ್ಕೂಲಿನ ಬೆಂಚಿನಿಂದ ಜೊತೆಗಿದ್ದ ಗೆಳೆಯ ಸುನಿಲ್. ಪ್ರತಿ ಡಿಸೆಂಬರಿನಲ್ಲೂ ಹಳೆಯ ಕುಕ್ಕರಿಗೆ ಮರಳು ತುಂಬಿ, ಅದರಲ್ಲಿ ಕೇಕ್ ಬೇಯಿಸಿ ಇಡೀ ಸಭೆಗೆ ಹಂಚುತ್ತಿದ್ದ. ಈ ವರ್ಷ ಈಸ್ಟರ್ ಕಳೆದ ಮೇಲೆ ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಅವನ ಮಾತುಗಳು ಜಯಕುಮಾರನ ಬಾಯಲ್ಲಿ ಉಳಿದವು. ಕುಕ್ಕರು ಸುನಿಲನ ಹೆಂಡತಿ ದಿವ್ಯಳ ಅಟ್ಟದ ಮೇಲೆ ಉಳಿಯಿತು.

"ತಗೊಂಡ್ಹೋಗಿ ಜಯಣ್ಣ," ಎಂದು ದಿವ್ಯ ಅದನ್ನು ಕೆಳಗಿಳಿಸಿ ಕೊಟ್ಟಿದ್ದಳು. "ಆದ್ರೆ ಅವರ ಕೇಕಿನ ರುಚೀನೇ ಬರಬೇಕು. ಒಂದು ತುಂಡು ನಂಗೆ ಎತ್ತಿಡಿ."

ಅಲ್ಲಿಗೆ ಕೇಕು ಕೇಕಾಗಿ ಉಳಿಯಲಿಲ್ಲ. ಕೊಟ್ಟ ಮಾತಾಯಿತು.

ಸುನಿಲನ ಕೇಕಿಗೆ ಊರೆಲ್ಲ ಹೊಗಳುವ ಒಂದು ರುಚಿಯಿತ್ತು. ಸಿಹಿಯ ಬೆನ್ನಿಗೇ ಬರುವ ಸಣ್ಣ ಕಹಿ. ಗುಟ್ಟೇನೆಂದು ಕೇಳಿದರೆ ನಗುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಜಯಕುಮಾರ್ ಸಂಶೋಧನೆಗಿಳಿದ! ಸಕ್ಕರೆ ಕರಗಿಸಿ ಹಾಕಿದ, ಬರಲಿಲ್ಲ. ಕಾಫಿ ಡಿಕಾಕ್ಷನ್ ಸುರಿದ, ಕೇಕು ಕುಡಿಯುವಂತಾಯಿತು. ಲವಂಗ ಹಾಕಿದ ದಿನ ಮಮತ ಬಾಯಿಗಿಟ್ಟು, "ಹಲ್ಲು ನೋವಿಗೆ ಒಳ್ಳೇದು, ಎತ್ತಿಡಿ" ಎಂದಳು. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಕಾಂಪೌಂಡಿನ ಆಚೆಯಿಂದ ಎಲ್ಲವನ್ನೂ ತಿಂದು ನೋಡಿ, "ಚೆನ್ನಾಗೈತಪ್ಪಾ. ಆದ್ರೆ ಸುನಿಲಪ್ಪಂದಲ್ಲ" ಎಂದು ತೀರ್ಪು ಕೊಡುತ್ತಿದ್ದರು.

ಕೂಟದ ಸಂಜೆ ಬಂತು. ಗುಟ್ಟು ಸಿಗದಿದ್ದರೂ ಗತ್ತಿಗೇನೂ ಕೊರತೆಯಿರಲಿಲ್ಲ. ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಕೇಕನ್ನು ಒಲೆಗೇರಿಸುವುದು, ಆಮೆನ್ ಬಿದ್ದ ಕೂಡಲೇ ಬಿಸಿಬಿಸಿಯಾಗಿ ಇಳಿಸುವುದು ಎಂದು ಲೆಕ್ಕ ಹಾಕಿದ್ದ.

ಲೆಕ್ಕದಲ್ಲಿ ಒಂದೇ ತಪ್ಪಿತ್ತು. ಕಳೆದ ವರ್ಷ ಸಭೆಯ ಪಾದ್ರಿ ಸಂಘಮಿತ್ರ ಅಯ್ಯನವರ ಹಲ್ಲಿನ ಸೆಟ್ಟು ಸಡಿಲವಾಗಿತ್ತು. ಆದ್ದರಿಂದ ಪ್ರಾರ್ಥನೆ ಚಿಕ್ಕದಾಗಿತ್ತು. ಈ ವರ್ಷ ಹೊಸ ಸೆಟ್ಟು!

ದಿವ್ಯಳೂ ಸೇರಿ ಸಭೆಯವರೆಲ್ಲ ಚಾಪೆಯ ಮೇಲೆ ಮೊಣಕಾಲೂರಿ ಕಣ್ಣು ಮುಚ್ಚಿದರು. ಅಯ್ಯನವರು ಆದಿಕಾಂಡದಿಂದ ಹೊರಟು, ನೋಹನ ನಾವೆ ಹತ್ತಿ, ಕೆಂಪು ಸಮುದ್ರ ದಾಟಿ, ತುಮಕೂರು ರಸ್ತೆಯ ಟ್ರಾಫಿಕ್ಕಿಗೆ ಬಂದು ನಿಂತರು. ಮುಗಿಯಲೆಂದು ಜಯಕುಮಾರ್ ಗಟ್ಟಿಯಾಗಿ "ಆಮೆನ್!" ಎಂದ. ಅಯ್ಯನವರಿಗೆ ಅದರಿಂದ ಇನ್ನಷ್ಟು ಹುರುಪು ಬಂತು. ಇನ್ನೊಮ್ಮೆ "ಆಮೆನ್!" ಎಂದ. ಸಭೆಯೂ ದನಿಗೂಡಿಸಿತು. ಅಯ್ಯನವರು ಸಂತೋಷದಿಂದ ಇಸ್ರಾಯೇಲ್ಯರನ್ನು ಮತ್ತೆ ಅರಣ್ಯಕ್ಕೆ ಕರೆದೊಯ್ದರು.

ಅಷ್ಟರಲ್ಲಿ ಅಡುಗೆಮನೆಯಲ್ಲಿಟ್ಟಿದ್ದ ಫೋನು ಹೊಡೆದುಕೊಂಡಿತು. ಜಯಕುಮಾರ್ ಒಂದು ಕಣ್ಣು ತೆರೆದು, ಅಂಬೆಗಾಲಿಟ್ಟು ಜನರ ನಡುವೆ ತೂರಿ ಫೋನು ಹಿಡಿದ. ಮನೆಯೊಳಗೆ ಮಾತು ಕೇಳಿಸುವಷ್ಟು ನೆಟ್‌ವರ್ಕ್ ಸಿಗದು. ಹಿತ್ತಲಿಗೆ ಓಡಿ, ಬಟ್ಟೆ ಒಗೆಯುವ ಕಲ್ಲು ಹತ್ತಿ, ಅಡುಗೆಮನೆಗೆ ಬೆನ್ನು ಹಾಕಿ ನಿಂತ.

"ಜಯಕುಮಾರ್ ಅವರಾ? ದಾಬಸ್‌ಪೇಟೆ ವೇರ್‌ಹೌಸಿಂದ ಮಾತಾಡ್ತಿದೀನಿ. ಸೇಫ್ಟಿ ಕೆಲಸದ ಬಗ್ಗೆ ಎರಡು ಮಾತು ಕೇಳಬೇಕಿತ್ತು. ಬೆಂಕಿ, ಹೊಗೆ ಇದರಲ್ಲೆಲ್ಲ ಅನುಭವ ಹೇಗೆ?"

"ಮೇಡಂ! ಅಲಾರಂ ಹೊಡ್ಕೊಳ್ಳೋದು ಆಮೇಲೆ. ಮೊದಲು ನನ್ನ ಮೂಗು ಎಚ್ಚರ ಆಗುತ್ತೆ!"

ಅವನ ಬೆನ್ನ ಹಿಂದೆ ಕಿಟಕಿಯಿಂದ ಹೊಗೆಯ ಎಳೆಯೊಂದು ನಿಧಾನವಾಗಿ ಇಣುಕಿತು.

"ನೈಟ್ ಶಿಫ್ಟ್ ಮಾಡ್ತೀರಾ?"

"ಆಮೆನ್!" ಎಂದಿತು ಒಳಗಿನ ಸಭೆ.

"ಪರವಾಗಿಲ್ವೇ, ಮನೆಯವರೆಲ್ಲ ಒಪ್ಪಿದಾರೆ!" ಮೇಡಂ ನಕ್ಕರು. "ಭಾನುವಾರಾನೂ ಬರಬೇಕಾಗಬಹುದು."

ಈ ಸಲ ಒಳಗಿನಿಂದ ಆಮೆನ್ ಬರಲಿಲ್ಲ. ಜಯಕುಮಾರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಮೇಡಂ, ಭಾನುವಾರ ಬೆಳಿಗ್ಗೆ ಒಂದು ಬಿಟ್ಟುಕೊಡಿ. ಮಿಕ್ಕಿದ್ದು ಹಗಲು, ರಾತ್ರಿ ಎಲ್ಲಾ ನಿಮ್ದೇ."

ಅತ್ತ ಹಾಳೆ ಮಗುಚಿದ ಸದ್ದು. ಆಮೇಲೆ, "ಆಯ್ತು, ಅಡ್ಜಸ್ಟ್ ಮಾಡೋಣ. ಸೋಮವಾರ ಬಂದು ಸೇರ್ಕೊಳ್ಳಿ."

ಅದೇ ಗಳಿಗೆಯಲ್ಲಿ, ಕೂಟಕ್ಕೆ ಬಂದಿದ್ದರೂ ಕಣ್ಣು ಮುಚ್ಚುವ ಕಟ್ಟುಪಾಡಿಲ್ಲದ ಗಂಗಲಕ್ಷ್ಮಮ್ಮನ ದನಿ ಒಳಗಿನಿಂದ ಸಿಡಿಯಿತು. "ಅಯ್ಯನೋರೇ, ಬೇಗ ಆಮೆನ್ ಅನ್ನಿ! ಮನೆಯೆಲ್ಲ ಹೊಗೆ ತುಂಬ್ಕೊಂಡೈತೆ!"

"ಅದೇನ್ರೀ ಕೂಗು?" ಎಂದರು ಮೇಡಂ.

"ಮಾಕ್ ಡ್ರಿಲ್ ಮೇಡಂ! ಮನೇಲೂ ಮಾಡಿಸ್ತೀನಿ!" ಎಂದು ಕಲ್ಲಿನಿಂದ ಜಿಗಿದ.

ಕುಕ್ಕರಿನ ಮುಚ್ಚಳ ತೆಗೆದರೆ ಕೇಕಿನ ತಳ ಇದ್ದಿಲಾಗಿತ್ತು. ಕೆಲಸ ಸಿಕ್ಕಿತೆಂದು ಕೇಳಿ ಹಾಲ್‌ನಲ್ಲಿ "ಸ್ತೋತ್ರ! ಸ್ತೋತ್ರ!" ಎಂಬ ಜಯಘೋಷವೆದ್ದಿತು. ಮಮತ ಅಳುತ್ತಲೇ ನಕ್ಕಳು. ಅಯ್ಯನವರು ತಮ್ಮ ಪ್ರಾರ್ಥನೆಯ ಉದ್ದಕ್ಕೆ ಸಿಕ್ಕ ಫಲವಿದು ಎಂಬಂತೆ ಹೊಸ ಹಲ್ಲು ತೋರಿಸಿದರು. ಜಯಕುಮಾರ್ ಮಾತ್ರ ಕೇಕಿನ ಟಿನ್ನು ಹಿಡಿದು ದಿವ್ಯಳ ಮುಂದೆ ತಲೆ ತಗ್ಗಿಸಿ ನಿಂತ.

"ಕ್ಷಮಿಸಮ್ಮಾ. ಅವನ ಹೆಸರನ್ನೇ ಸುಟ್ಟುಬಿಟ್ಟೆ."

ದಿವ್ಯ ಚಾಕು ತೆಗೆದುಕೊಂಡು, ಕೈ ಪಳಗಿದವಳಂತೆ ಕರಕಲನ್ನು ಕೆರೆದು ತೆಗೆದಳು. ಒಂದು ಚೂರು ಬಾಯಿಗಿಟ್ಟಳು. ಕಣ್ಣು ತುಂಬಿತು. ಹಿಂದೆಯೇ ನಗು ಬಂತು.

"ಇದೇ ಜಯಣ್ಣ! ಇದೇ ರುಚಿ!"

ಗಂಗಲಕ್ಷ್ಮಮ್ಮ ಕೈ ಚಾಚಿ ಒಂದು ತುಂಡು ತಿಂದು, "ಹೂಂ, ಸುನಿಲಪ್ಪಂದೇ!" ಎಂದು ತಲೆದೂಗಿದರು.

"ಅಂದ್ರೆ... ಅವನದೂ..."

"ಪ್ರತಿ ವರ್ಷಾನೂ ಸೀದು ಹೋಗ್ತಿತ್ತು! ತಳ ಕೆರೆದು, ಮೇಲೆ ಸಕ್ಕರೆ ಪುಡಿ ಉದುರಿಸಿ ತರ್ತಿದ್ರು. ಕೇಕ್ ಒಲೆ ಮೇಲಿಟ್ಟು ನಿಮಗೆ ಫೋನ್ ಮಾಡೋರು. ಆಮೇಲೆ ಕೇಕೂ ಮರ್ತ್ಹೋಗ್ತಿತ್ತು, ನಾನು ಕೂಗೋದೂ ಕೇಳಿಸ್ತಿರಲಿಲ್ಲ."

ಜಯಕುಮಾರನಿಗೆ ನೆನಪಾಯಿತು. ಡಿಸೆಂಬರಿನ ಆ ಉದ್ದುದ್ದ ಕರೆಗಳು, ಸುಮ್ಮನೆ ಆಡಿದ ಮಾತುಗಳು. ಊರೆಲ್ಲ ಹುಡುಕಿದ ಗುಟ್ಟು ಇಷ್ಟು ವರ್ಷ ಅವನ ಕಿವಿಯಲ್ಲೇ ಇತ್ತು. ಕೇಕಿನ ಒಂದು ತುಂಡು ಬಾಯಿಗೆ ಹಾಕಿಕೊಂಡ. ಆಮೇಲೆ ಎದೆಯುಬ್ಬಿಸಿ ಹೆಂಡತಿಯತ್ತ ತಿರುಗಿದ.

"ನೋಡಿದ್ಯಾ ಮಮತಾ? ಕೆಲಸಾನೂ ಬಂತು, ಸುನಿಲನ ಕೇಕೂ ಬಂತು!"

ಮಮತ ಅವನ ಅಂಗಿಯ ಮೇಲಿದ್ದ ಮಸಿ ಒರೆಸಿದಳು.

"ಕೇಕ್ ಮಾಡೋಕೆ ನಿಮ್ಮಿಬ್ಬರಿಗೂ ಬರಲ್ಲ ರೀ. ಫೋನ್ ಇಡೋಕೂ ಬರಲ್ಲ!"