ಸಿರಿಂಜ್ ಬಡೀಬ್ಯಾಡ್ರೀ!

ನಮ್ಮ ಸೋದರತ್ತೆಯ ಕಣ್ಣಿಗೆ ಬೀಳದ ಕಸ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ತುರ್ವಿಹಾಳದ ಮನೆಯಲ್ಲಿ ನೀರು ಕೊಟ್ಟರೆ ಲೋಟ ಮೊದಲು ಕಿಟಕಿಯ ಬೆಳಕಿಗೆ ಹೋಗುತ್ತದೆ, ಆಮೇಲೆ ಬಾಯಿಗೆ. ಲೋಟ ಸ್ಟೀಲಿನದಾದರೂ ಸರಿ!

ಸಿಂಧನೂರಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಸಿಸ್ಟರ್ ಆಗಿದ್ದವಳು. ಭತ್ತದ ಸೀಮೆಯ ಹೆಣ್ಣುಮಗಳು; ಮೊರದಲ್ಲಿ ಅಕ್ಕಿ ಆರಿಸಿ ಆರಿಸಿ ಕಣ್ಣು ಪಳಗಿತ್ತು. ಬೀಗರ ಮನೆಯ ಊಟದಲ್ಲೂ ಹರಳುಗಳನ್ನು ಎಲೆಯಂಚಿಗೆ ಸಾಲಾಗಿಟ್ಟು, "ಮೂರು ಅದಾವ ನೋಡ್ರೀ" ಎನ್ನುವವಳು. ಅಂಥವಳೆದುರು ಸಿರಿಂಜ್ ಹಿಡಿಯುವುದೆಂದರೆ ಹುಡುಗಾಟವೇ?

ಒಮ್ಮೆ ಹೊಸ ಡಾಕ್ಟರೊಬ್ಬರು, ಕಣ್ಣೊಳಗೆ ಕೊಡುವ ಇಂಜೆಕ್ಷನ್ನಿನ ಗಾಳಿಗುಳ್ಳೆ ಹೋಗಲೆಂದು, ಎಲ್ಲರಂತೆ ಸಿರಿಂಜಿಗೆ ಬೆರಳಿನಿಂದ ಟಕ್ ಟಕ್ ಹೊಡೆದರಂತೆ. ಅತ್ತೆ ಅಡ್ಡ ನಿಂತಳು.

"ಬಡೀಬ್ಯಾಡ್ರೀ ಸಾಹೇಬ್ರ! ಒಳಗಿನ ದಬ್ಬೋ ಕಡ್ಡಿ ಜಾರ್ಲಿ ಅಂತ ಎಣ್ಣಿ ಸವರಿರ್ತಾರ. ಬಡಿದ್ರ ಹನಿ ಬಿಟ್ಕೊಂತಾವ. ಕಣ್ಣಾಗ ಹೋದ್ರ ಪಾಪ, ಪೇಷಂಟಿಗೆ ದಿನಾ ಚುಕ್ಕಿ ತೇಲ್ತಾವ."

"ನನಗೇನೂ ಕಾಣ್ತಿಲ್ಲವಲ್ಲ ಸಿಸ್ಟರ್?"

"ನಿಮಗ ಕಾಣಂಗಿಲ್ರೀ, ಅವರಿಗೆ ಕಾಣ್ತದ!"

ಡಾಕ್ಟರು ಬೇರೆ ಸಿರಿಂಜ್ ತೆಗೆದರಂತೆ. ಕೇಳಿ ನಾನು ಬೆರಗಾದೆ. ಸಾಸಿವೆಗಿಂತ ಎಷ್ಟೋ ಸಣ್ಣ ಹನಿಗಾಗಿ, ಹೆಸರೂ ಗೊತ್ತಿಲ್ಲದ ಯಾರದೋ ಕಣ್ಣಿಗಾಗಿ ಜಗಳಕ್ಕೆ ನಿಲ್ಲುವುದೆಂದರೆ ಸಾಮಾನ್ಯವೇ?

ಮನೆಯಲ್ಲೂ ಏನನ್ನೂ ಅಲುಗಿಸುವಂತಿಲ್ಲ. ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ "ಚೆನ್ನಾಗಿ ಅಲುಗಾಡಿಸಿ" ಎಂದಿದ್ದರೆ, "ಯಾರು ಬರದಾರ ಇದನ್ನ?" ಎಂದು ನಮ್ಮನ್ನೇ ಗದರಿಸುತ್ತಿದ್ದಳು!

ಹೋದ ತಿಂಗಳು ಊಟದಲ್ಲಿ ನನ್ನ ಹಲ್ಲಿಗೆ ಹರಳು ಸಿಕ್ಕಿತು. ಅತ್ತೆ ಆರಿಸಿದ ಅಕ್ಕಿಯಲ್ಲಿ ಹರಳು! ಸುಮ್ಮನೆ ನುಂಗಿದೆ. ಎರಡನೆಯದು ಸಿಕ್ಕಾಗ ನುಂಗಲು ಮನಸ್ಸು ಬರಲಿಲ್ಲ.

"ಅತ್ತಿ, ಕಣ್ಣು ತೋರಿಸ್ಕೊಂಡು ಬರೋಣೇನು?" ಎಂದೆ. ಅವಳು ತನ್ನ ತಟ್ಟೆಯ ಅನ್ನವನ್ನು ಬೆರಳಿನಿಂದ ತಡವಿ ಹರಳು ಹುಡುಕತೊಡಗಿದಳು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕಣ್ಣೊಳಗೆ ಇಂಜೆಕ್ಷನ್ ಕೊಡಿಸದಿದ್ದರೆ ನೋಟವೇ ಹೋಗಬಹುದು ಎಂದರು ಡಾಕ್ಟರು. ಅದೇ ಆಸ್ಪತ್ರೆ. ಹಳೆಯ ಸಿಸ್ಟರೆಂಬ ಗೌರವಕ್ಕೆ ನನ್ನನ್ನೂ ಒಳಗೆ ಬಿಟ್ಟಿದ್ದರು. ಮುಖಕ್ಕೆ ಹಸಿರು ಬಟ್ಟೆ ಹೊದಿಸಿಕೊಂಡು ಮಲಗಿದ್ದ ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಸಿರಿಂಜ್ ಹಿಡಿದ ಹೊಸ ಸಿಸ್ಟರ್ ಬೆರಳೆತ್ತಿದರು. ಅತ್ತೆಗೆ ಅದು ಕಾಣುವಂತಿರಲಿಲ್ಲ.

"ಬಡೀಬ್ಯಾಡ್ರೀ!"

ಕೂಗಿದವನು ನಾನು. ಸಿಸ್ಟರ್ ಬೆಚ್ಚಿಬಿದ್ದು ಬೆರಳು ಇಳಿಸಿದರು. ಬಟ್ಟೆಯಡಿಯಿಂದ ಸಣ್ಣ ದನಿ ಬಂತು.

"ನೀ ನೋಡಾಕತ್ತೀ ಏನೋ ತಮ್ಮಾ?"

"ನೋಡಾಕತ್ತೀನಿ ಅತ್ತಿ."

"ಹಂಗಾರ ಕೊಡ್ಲಿ ಬಿಡು" ಎಂದಳು. ಅವಳ ಹಿಡಿತ ಸಡಿಲವಾಯಿತು.