ಮೀನಿಗೆ ಎದ್ದ ಬಿಳಿ ಚುಕ್ಕಿ, ಮನ್ಯಾಗ ನಿಂತ ಒಗ್ಗರಣಿ

ಗಜೇಂದ್ರಗಡದಲ್ಲಿ ನನ್ನದೊಂದು ಸಣ್ಣ ಮೀನಿನ ಅಂಗಡಿ. ತಿನ್ನೋ ಮೀನಲ್ಲ, ನೋಡೋ ಮೀನು. ಹಾಗಂತ ಬೋರ್ಡಿನ ಮೇಲೆ ಬರೆಸಿದ್ದೇನೆ. ಆದರೂ ಹೊಸಬರು ಬಂದು ಗಾಜಿನ ತೊಟ್ಟಿಯ ಮುಂದೆ ನಿಂತು, "ಕೇಜಿ ಹ್ಯಾಂಗ್ರಿ?" ಅಂತ ಕೇಳೋದು ನಿಂತಿಲ್ಲ. ಇಂಥ ಅಂಗಡಿ ಇಟ್ಟುಕೊಂಡವನು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ರೋಣದಿಂದ, ನರಗುಂದದಿಂದ ತಾನೇ ಬಸ್ ಹತ್ತಿ ಬರುತ್ತದೆ.

ಅದರಲ್ಲೂ ಶ್ರಾವಣದ ತಂಪು ಗಾಳಿ ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ನೀರು ತಣ್ಣಗಾಗಿ ಮೀನುಗಳಿಗೆ ಬಿಳಿ ಚುಕ್ಕಿಯ ಜಡ್ಡು ಬರುತ್ತದೆ. ಮೈಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಚುಕ್ಕಿ ಏಳುತ್ತವೆ. ಮೀನು ತುರಿಕೆ ತಡೆಯಲಾರದೆ ಕಲ್ಲಿಗೆ ಮೈ ಉಜ್ಜುತ್ತದೆ, ತಿನ್ನೋದು ಬಿಡುತ್ತದೆ. ಹಾಗೇ ಬಿಟ್ಟರೆ ತೊಟ್ಟಿಯೇ ಖಾಲಿಯಾದೀತು. ಹೆಚ್ಚಿನವರು ಫೋನ್ ಮಾಡುವಾಗ ಅಳುವ ದನಿಯಲ್ಲೇ ಇರುತ್ತಾರೆ. ನಗು ಆಮೇಲೆ ಬರೋದು.

ಅಮ್ಮ ಬಂದಾಳ

ರೋಣದ ಒಬ್ಬ ಕಾಳಿನ ವ್ಯಾಪಾರಿ ಒಂದು ದಿನ ಅಂಗಡಿಗೆ ಬಂದು, ಯಾರೂ ಕೇಳಬಾರದೆಂಬಂತೆ ಪಿಸುಮಾತಿನಲ್ಲಿ ಹೇಳಿದ: "ನಮ್ಮ ಮೀನಿಗೆ ಅಮ್ಮ ಬಂದಾಳಂತ್ರಿ."

"ಹಂಗಂತ ಯಾರಂದ್ರು?"

"ನಮ್ಮವ್ವ. ತೊಟ್ಟಿ ಸುತ್ತ ಬೇವಿನ ತೊಪ್ಪಲ ಕಟ್ಟ್ಯಾಳ. ಔಷಧ ಮುಟ್ಟಸಬ್ಯಾಡ ಅಂತಾಳ. ಅದೂ ಹೋಗ್ಲಿ, ಅಮ್ಮ ಇಳಿಯೋ ಮಟ ಮನ್ಯಾಗ ಒಗ್ಗರಣಿ ಹಾಕಂಗಿಲ್ಲಂತ. ಒಗ್ಗರಣಿ ಇಲ್ಲದ ಸಾರು ಉಂಡು ಉಂಡು ನಾ ಸಾಯಾಕ ಬಂದೀನ್ರಿ. ಮೀನ ಆರಾಮ ಆಗ್ಲಿ ಬಿಡ್ಲಿ, ನನ್ನ ಉಳಸ್ರಿ!"

ಅವನ ಕಷ್ಟ ನೋಡಲಾರದೆ ನಾನೇ ಅವರ ಮನೆಗೆ ಹೋದೆ. ಮುದುಕಿ ತೊಟ್ಟಿಯ ಪಕ್ಕದಲ್ಲೇ ಕೂತಿದ್ದಳು. "ಯವ್ವಾ, ಇದು ಅಮ್ಮ ಅಲ್ಲ. ನೀರಾಗಿನ ಒಂದು ಹುಳ" ಅಂದೆ.

"ಹುಳ ಅಂತಿ? ತೋರಸು."

"ಕಣ್ಣಿಗೆ ಕಾಣಂಗಿಲ್ಲ, ಅಷ್ಟು ಸಣ್ಣದು."

"ಅಮ್ಮನೂ ಕಣ್ಣಿಗೆ ಕಾಣಂಗಿಲ್ಲ" ಅಂದಳು ಮುದುಕಿ.

ಬೇವಿನ ತೊಪ್ಪಲು ಸರಿಮಾಡುತ್ತ ಅವಳೇ ಮುಂದುವರಿಸಿದಳು. "ನಾ ಸಣ್ಣಾಕಿದ್ದಾಗ ನನ್ನ ತಮ್ಮಗ ಅಮ್ಮ ಬಂದಿದ್ಲು. ನಮ್ಮ ಮನ್ಯಾಗ ಯಾರೋ ಗೊತ್ತಿಲ್ದಂಗ ಒಗ್ಗರಣಿ ಹಾಕಿದ್ರು. ಹುಡುಗ ಉಳೀಲಿಲ್ಲ. ಅದಕ್ಕ ಅಲ್ಲ ಅಂತ ನೀವು ಅಂತೀರಿ. ನನಗೂ ಈಗ ತಿಳೀತೈತಿ. ಆದ್ರ ಎಣ್ಣಿ ಕಾಯೋ ವಾಸನಿ ಬಂದ ಕೂಡ್ಲೆ ಎದಿ ಝಲ್ ಅಂತೈತಿ ನೋಡು."

ಆಮೇಲೆ ಅವಳ ಜೊತೆ ವಾದ ಮಾಡುವ ಮನಸ್ಸು ನನಗೆ ಬರಲಿಲ್ಲ. "ಅಮ್ಮ ಇಳದ ಮ್ಯಾಲೆ ನೀರು ಎರೀತಾರಲ್ಲ ಯವ್ವಾ? ಇದಕ್ಕೂ ನೀರು ಎರಿಯೋಣು. ಆದ್ರ ಮೀನು ನೀರಾಗ ಇರತೈತಲ್ಲ, ಅದಕ್ಕ ಇದ್ದ ನೀರನ್ನ ಬೆಚ್ಚಗ ಮಾಡೋಣು. ಔಷಧ ಮೀನಿನ ಮೈಗೆ ಹಚ್ಚಂಗಿಲ್ಲ, ನೀರಿಗೆ ಹಾಕ್ತೀನಿ" ಅಂದೆ. ಅವಳು ಯೋಚಿಸಿ, "ನೀರಿಗಾದ್ರ ಹಾಕು" ಅಂದಳು. ಹೀಟರ್ ಕೂಡಿಸಿ, ಔಷಧ ಬೆರೆಸಿ ಬಂದೆ. ಬೇವಿನ ತೊಪ್ಪಲು ಹಾಗೇ ಇರಲಿ ಅಂತ ಬಿಟ್ಟೆ.

ಕೆಲವು ದಿನದ ಮೇಲೆ ವ್ಯಾಪಾರಿಯ ಫೋನ್ ಬಂತು. ಎತ್ತಿದರೆ ಮಾತಿಲ್ಲ. "ಹಲೋ, ಹಲೋ" ಅಂದೆ. ಆ ಕಡೆಯಿಂದ ಚುರ್ ಚುರ್ ಚಟಪಟ ಅಂತ ಸಾಸಿವೆ ಸಿಡಿಯುವ ಸಪ್ಪಳವಷ್ಟೇ ಕೇಳಿತು. ಪುಣ್ಯಾತ್ಮ ಫೋನನ್ನು ಬಾಣಲಿಯ ಮುಂದೆ ಹಿಡಿದಿದ್ದ.

ಕೌದಿ

ಪುರ್ತಗೇರಿಯ ಒಬ್ಬ ಹೆಣ್ಣುಮಗಳಿಗೆ, "ನೀರು ಬೆಚ್ಚಗಿರಬೇಕ್ರಿ ಅಕ್ಕಾರ, ಒಮ್ಮೆಲೆ ಕಾಯಬಾರದು, ಒಮ್ಮೆಲೆ ಆರಲೂಬಾರದು" ಅಂತ ಹೇಳಿ ಹೀಟರ್ ಕೊಟ್ಟು ಕಳಿಸಿದ್ದೆ. ಅವತ್ತೇ ಅವರ ಊರಲ್ಲಿ ಕರೆಂಟ್ ಹೋಯಿತು. ಮೀನು ಹೇಗಿವೆ, ಒಂದು ಫೋಟೋ ಕಳಿಸಿ ಅಂದೆ. ಬಂದ ಫೋಟೋದಲ್ಲಿ ಹೊದೆಯುವ ಒಂದು ಬಣ್ಣಬಣ್ಣದ ಕೌದಿ ಬಿಟ್ಟರೆ ಏನೂ ಇರಲಿಲ್ಲ.

"ಇದರಾಗ ಮೀನು ಎಲ್ಲಿ ಅದಾವ್ರಿ?"

"ಸಾವಕಾಶ ಮಾತಾಡ್ರಿ ಅಣ್ಣಾರ, ಒಳಗ ಈಗ ಮಲಗ್ಯಾವು."

ನೀಲಿ ಉಗುರು

ನರಗುಂದದಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದಾರೆ. ಮೊಟ್ಟೆ ಹಾಕಿದ್ದಾರೆಂಬ ಅನುಮಾನಕ್ಕೆ ಬೇಕರಿ ಕೇಕನ್ನೂ ಮುಟ್ಟದವರು. ಅವರ ಮೀನಿಗೂ ಚುಕ್ಕಿ ಬಂತು. ಹರಳುಪ್ಪು ಇಷ್ಟು ಹಾಕಿ, ಈ ನೀಲಿ ಔಷಧ ಇಷ್ಟು ಹನಿ ಹಾಕಿ ಅಂತ ಹೇಳಿದ್ದೆ. ಮಾಸ್ತರರು ಔಷಧವನ್ನು ನೀರಿನಲ್ಲಿ ಬರಿಗೈಲೇ ಕಲಸಿದರು. ಬೆರಳೂ ಉಗುರೂ ನೀಲಿಯಾದವು. ಸೋಪಿಗೂ ಜಗ್ಗಲಿಲ್ಲ.

ಮರುದಿನ ಮೊಣಕಾಲು ನೋವೆಂದು ದವಾಖಾನಿಗೆ ಹೋಗಿದ್ದಾರೆ. ನರ್ಸ್ ಅವರ ಕೈ ನೋಡಿದವಳೇ, "ಸರ, ಲಗೂ ಬರ್ರಿ! ಇವರ ಉಗುರು ನೀಲಿ ಆಗ್ಯಾವು!" ಅಂತ ಕೂಗಿಕೊಂಡಳು. ಮೈಗೆ ಆಕ್ಸಿಜನ್ ಸಾಲದಿದ್ದರೆ ಉಗುರು ನೀಲಿಯಾಗುತ್ತದಂತೆ; ಡಾಕ್ಟರು ಓಡಿ ಬಂದರು. ಮಾಸ್ತರರು ಬಾಯಿ ತೆರೆಯುವುದರೊಳಗೆ ಅವರನ್ನು ಮಂಚದ ಮೇಲೆ ಮಲಗಿಸಿ, ಮೂಗಿಗೆ ಆಕ್ಸಿಜನ್ ಮಾಸ್ಕ್ ಹಾಕಿ, ಎದೆಗೆ ವೈರು ಅಂಟಿಸಿಬಿಟ್ಟರು. ಮಾಸ್ತರರು ಮಾಸ್ಕಿನೊಳಗಿಂದಲೇ ಒದ್ದಾಡಿದರು: "ಮೀನ... ಮೀನ..."

"ಮೀನ? ಮೀನ ತಿಂದೀರೇನ್ರಿ? ಯಾವಾಗ ತಿಂದ್ರಿ? ಮುಳ್ಳ ಸಿಕ್ಕೈತೇನು?" ಡಾಕ್ಟರ ದನಿ ದೊಡ್ಡದು. ಹೊರಗೆ ಬೆಂಚಿನ ಮೇಲೆ ಮಾಸ್ತರರ ಓಣಿಯವರೇ ಕೂತಿದ್ದರು, ಅವರ ಜೊತೆ ವಾರವಾರ ಭಜನೆಗೆ ಕೂಡುವವರು.

ಮಾಸ್ತರರು "ಅಲ್ಲ, ಅಲ್ಲ" ಅಂತ ಎರಡೂ ಕೈ ಅಲ್ಲಾಡಿಸಿದರು. ಆಗ ಅಂಗೈಯೂ ನೀಲಿ ಇರೋದು ಕಂಡು ಎಲ್ಲರಿಗೂ ಇನ್ನಷ್ಟು ಗಾಬರಿ. ಕೊನೆಗೆ ಇಂಜೆಕ್ಷನ್‌ಗೆಂದು ನರ್ಸ್ ಮುಂಗೈಗೆ ಸ್ಪಿರಿಟ್ ಹಚ್ಚಿ ಒರೆಸಿದಾಗ ಹತ್ತಿ ನೀಲಿಯಾಯಿತು, ಚರ್ಮ ಬೆಳ್ಳಗಾಯಿತು. ಆಗ ಡಾಕ್ಟರು ಮಾಸ್ಕ್ ತೆಗೆದು, "ಈಗ ಹೇಳ್ರಿ ಸರ" ಅಂದರಂತೆ.

ಹೃದಯಕ್ಕೆ ಏನೂ ಆಗಿರಲಿಲ್ಲ. ಆದರೆ ಹೇಗೂ ಮಲಗಿಸಿದ್ದಾರೆಂದು ಬಿ.ಪಿ. ನೋಡಿದರೆ ಬಹಳ ಏರಿತ್ತು. ಸುಮ್ಮನೆ ಗಾಬರಿಗೇ ಏರಿರಬಹುದೆಂದು ಇನ್ನೆರಡು ಸಲ ಕರೆಸಿ ನೋಡಿದರು. ಆಗಲೂ ಹಾಗೇ ಇತ್ತು. ಮಾಸ್ತರರು ನನ್ನ ಅಂಗಡಿಯಲ್ಲಿ ಕೂತು ಇದನ್ನು ಹೇಳುವಾಗ ಅವರ ದನಿ ಇಳಿದಿತ್ತು. "ಅವತ್ತು ಉಗುರು ನೆಟ್ಟಗಿದ್ದಿದ್ರ ನಾ ಮೊಣಕಾಲಿಗೆ ಮುಲಾಮು ಇಸಗೊಂಡು ಮನೀಗೆ ಹೋಗಿಬಿಡ್ತಿದ್ದೆ. ನನ್ನ ಅಣ್ಣ ಹಿಂಗ ಗೊತ್ತಿಲ್ಲದಂಗ ಹೋದಾಂವ."

ನಾನು ಅವರ ಮುಂದೆ ಚಹಾ ಇಟ್ಟೆ. ಆಮೇಲೆ ಅವರೇ ನಕ್ಕರು. "ನೀವು ಮೀನಿಗೆ ಉಪ್ಪು ಹಾಕ್ರಿ ಅಂದ್ರಿ, ಡಾಕ್ಟರು ನನಗ ಉಪ್ಪು ಬಿಡ್ರಿ ಅಂದ್ರು. ಈಗ ನಮ್ಮ ಮನಿಯಾಕಿ ಉಪ್ಪಿನ ಡಬ್ಬಿ ಮೀನಿನ ಮಗ್ಗಲಕ್ಕ ಇಟ್ಟಾಳ. ಊಟದಾಗ ಕೇಳಿದ್ರ, 'ಅವು ಸಣ್ಣವು, ಅವಕ್ಕ ಬೇಕು' ಅಂತಾಳ!"

ಏಳೋ ಎಂಟೋ

ಬೆಳವಣಕಿಯಲ್ಲಿ ಒಬ್ಬ ಹಜಾಮ ತನ್ನ ಸಲೂನಿನಲ್ಲಿ ಒಂದು ತೊಟ್ಟಿ ಇಟ್ಟಿದ್ದಾನೆ, ಅದರಲ್ಲಿ ಒಂದೇ ಒಂದು ಕೆಂಪು ಗೋಲ್ಡ್ ಫಿಶ್. ಆ ಊರಿನ ಅಣ್ಣ ತಮ್ಮ ಇಬ್ಬರು ಅವನ ಕಾಯಂ ಗಿರಾಕಿಗಳು. ಇಬ್ಬರ ಹೊಲದ ನಡುವೆ ಒಂದು ಬದು. ಮುಂಗಾರಿರಲಿ ಹಿಂಗಾರಿರಲಿ, ಪ್ರತಿ ಬಿತ್ತಿಗೆಯಲ್ಲೂ, ನೀನು ಬದುವಿನೊಳಗೆ ಬಿತ್ತುವ ಕೂರಿಗೆ ಹಾಯಿಸಿದೆ ಅಂತ ಜಗಳ. ಕೊನೆಗೆ ಮಾತೇ ನಿಂತು ಎಷ್ಟೋ ವರ್ಷ ಆಗಿತ್ತು. ಹಜಾಮ ಅಣ್ಣನಿಗೆ ಮುಂಜಾನೆ ಬಾ ಅನ್ನುತ್ತಿದ್ದ, ತಮ್ಮನಿಗೆ ಸಂಜಿ ಬಾ ಅನ್ನುತ್ತಿದ್ದ.

ಒಂದು ದಿನ ತಮ್ಮನಿಗೆ ಎಲ್ಲಿಗೋ ಹೋಗುವ ಅವಸರ. ಮುಂಜಾನೆಯೇ ಬಂದುಬಿಟ್ಟ. ಅಣ್ಣ ಆಗಲೇ ಬೆಂಚಿನ ಮೇಲಿದ್ದ. ಇಬ್ಬರೂ ಎರಡು ತುದಿಗೆ ಕೂತರು. ಎದುರಿಗೆ ತೊಟ್ಟಿ. ಆ ವಾರವೇ ಮೀನಿಗೆ ಚುಕ್ಕಿ ಎದ್ದಿತ್ತು, ನಾನು ಔಷಧ ಕೊಟ್ಟಿದ್ದೆ. ಹಜಾಮನಿಗೆ ಕಣ್ಣು ಸ್ವಲ್ಪ ಮಂದ. "ಚುಕ್ಕಿ ಕಡಿಮಿ ಆಗ್ಯಾವೇನು, ಯಾರರ ಎಣಸಿ ಹೇಳ್ರಿ" ಅಂದ.

ಅಣ್ಣ ಬಗ್ಗಿ ನೋಡಿ, "ಏಳ ಅದಾವು" ಅಂದ.

"ಎಂಟ" ಅಂದ ತಮ್ಮ, ಗೋಡೆ ಕಡೆ ಮುಖ ಮಾಡಿ.

"ಏಳ!"

"ಎಂಟ! ಬಾಲದ ತುದೀಗೊಂದು ಐತಿ, ನೋಡು ಬೇಕಾರ."

ಅಣ್ಣ ಗಾಜಿಗೆ ಮೂಗು ಹಚ್ಚಿ ನೋಡಿದ. ಮೀನು ತಿರುಗಿತು. "ಹೌದಲ್ಲೋ ತಮ್ಮಾ" ಅಂದುಬಿಟ್ಟ. ಅಂದ ಮೇಲೆ ತಾನೇ ಗಾಬರಿಯಾದ. ಕತ್ತರಿ ಹಿಡಿದ ಹಜಾಮನ ಕೈ ಗಾಳಿಯಲ್ಲೇ ನಿಂತಿತ್ತು. ಅವತ್ತಿನಿಂದ ಇಬ್ಬರೂ ದಿನಾ ಮುಂಜಾನೆ ಬಂದು ಚುಕ್ಕಿ ಎಣಿಸತೊಡಗಿದರು.

ಒಂದು ದಿನ ಹಜಾಮ ನನ್ನ ಅಂಗಡಿಗೆ ಬಂದ. ಮುಖ ಸಣ್ಣದಾಗಿತ್ತು. "ಮೀನ ಹ್ಯಾಂಗೈತಿ?" ಅಂದೆ.

"ಒಂದೂ ಚುಕ್ಕಿ ಇಲ್ರಿ. ಅದಕ್ಕ ಬಂದೀನಿ. ಆ ಇಬ್ಬರೂ ಈಗ ಮಳಿ ಮಾತಿಗೆ ಬಂದಾರ, ಮಕ್ಕಳ ಸಾಲಿ ಮಾತಿಗೆ ಬಂದಾರ. ಬದುವಿನ ಮಾತಿಗೆ ಇನ್ನೂ ಬಂದಿಲ್ಲ. ಇನ್ನೊಂದೀಟು ಚುಕ್ಕಿ ಇರ್ಬೇಕಿತ್ತು ನೋಡ್ರಿ."

"ಚುಕ್ಕಿ ಹೋದ ಕೂಡ್ಲೆ ಜಡ್ಡು ಹೋತು ಅಂತಲ್ಲ. ಹುಳ ಮೈಬಿಟ್ಟು ಕೆಳಗ ಕಲ್ಲಾಗ ಬೀಳತಾವು. ಅಲ್ಲಿ ಮರಿ ಮಾಡಿ ಮತ್ತ ಮ್ಯಾಲೆ ಬರತಾವು. ಔಷಧ ಕೊಲ್ಲೋದು ಆ ಮರೀನ್ನ. ಅದಕ್ಕ ಕಣ್ಣಿಗೆ ಕಾಣದಿದ್ರೂ ಇನ್ನಷ್ಟು ದಿನ ಔಷಧ ಬಿಡಬಾರದು, ನಿಗಾ ಬಿಡಬಾರದು" ಅಂದೆ.

ಹಜಾಮನ ಮುಖ ಅರಳಿತು. "ಕಣ್ಣಿಗೆ ಕಾಣಂಗಿಲ್ಲ, ಆದ್ರ ಇರತಾವು. ಅಷ್ಟ ಸಾಕ್ರಿ ನನಗ!" ಅಂದವನೇ ಬಸ್ಸಿಗೆ ಓಡಿದ.

ಎಷ್ಟೋ ದಿನದ ಮೇಲೆ ಬೆಳವಣಕಿಗೆ ಹೋದಾಗ ಸಲೂನಿಗೆ ಇಣುಕಿದೆ. ಮೀನು ಕೆಂಡದಂತೆ ಹೊಳೆಯುತ್ತ ಆಡಿಕೊಂಡಿತ್ತು. ಅಣ್ಣ ತಮ್ಮ ಇಬ್ಬರೂ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕಾಣದ ಚುಕ್ಕಿ ಹುಡುಕುತ್ತಿದ್ದರು. ಅಣ್ಣ ಸೊಂಟ ಹಿಡಿದುಕೊಂಡು ಎದ್ದು ಹಜಾಮನನ್ನು ಕೇಳಿದ:

"ಇನ್ನ ಎಲ್ಲೀ ಮಟ ನಿಗಾ ಮಾಡಬೇಕೋ ಇದನ್ನ?"

ಹಜಾಮ ಒಬ್ಬರ ಗಲ್ಲದ ಮೇಲೆ ಕತ್ತಿ ಆಡಿಸುತ್ತ, ನನ್ನ ಕಡೆ ಬೆರಳು ಮಾಡಿ ಗಂಭೀರವಾಗಿ ಹೇಳಿದ:

"ಇಲ್ಲೇ ಬಂದಾರಲ್ರಿ ಮೀನಿನ ಅಂಗಡಿಯವ್ರು, ಅವರ್ನ ಕೇಳ್ರಿ. ಹಿಂಗಾರಿ ಬಿತ್ತಿಗಿ ಮುಗಿಯೋ ಮಟ ಅಂತ ಅವರೇ ಹೇಳ್ಯಾರ."