ಎರಡು ಬೀಗದ ಕೋಳಿಗೂಡು

ಕೆಂಪಿ ಎಂಬ ಕೋಳಿಯನ್ನು ನರಿ ಹೊತ್ತುಕೊಂಡು ಹೋದದ್ದಕ್ಕೆ ತಾವು ಹೊಣೆಯಲ್ಲ ಎಂದು ಲಾಕರ್ ಸಾಹೇಬರು ವಾದಿಸಿದರು. ಗೂಡಿನ ಬಾಗಿಲಿಗೆ ಚಿಲಕ ಹಾಕುವುದನ್ನು ಮರೆತದ್ದು ನಿಜ. ಆದರೆ ಮರೆವು ಮನುಷ್ಯನಿಗೆ ಸಹಜ, ಕಳ್ಳತನ ನರಿಯ ದುರ್ಗುಣ. ಸಹಜವಾದದ್ದನ್ನು ಹಿಡಿದು ಶಿಕ್ಷಿಸಿ ದುರ್ಗುಣವನ್ನು ಬಿಟ್ಟುಬಿಡುವುದು ಯಾವ ಸೀಮೆಯ ನ್ಯಾಯ? ಈ ಘನವಾದ ವಾದವನ್ನು ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಂಡಿಸಿದಾಗ ಅವರ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಅದು ಈರುಳ್ಳಿಯದೋ ಕೆಂಪಿಯದೋ ಎಂದು ಕೇಳುವ ಧೈರ್ಯ ಸಾಹೇಬರಿಗೆ ಬರಲಿಲ್ಲ.

"ಜನ್ಮವೆಲ್ಲ ಬ್ಯಾಂಕಲ್ಲಿ ಕೂತು ಊರವರ ಚಿನ್ನ ಕಾದ್ರಿ. ಮನೆ ಕೋಳಿ ಕಾಯೋಕೆ ಆಗ್ಲಿಲ್ಲ," ಎಂದರು ಆಕೆ.

"ಚಿನ್ನ ಓಡಾಡಲ್ಲ ಕಣೇ. ಇಟ್ಟ ಕಡೆ ಇರುತ್ತೆ."

"ಕೇಳಿ ಇಲ್ಲಿ. ಇನ್ನೊಂದು ಕೋಳಿ ಏನಾದ್ರೂ ಹೋದ್ರೆ, ಉಳಿದವನ್ನೆಲ್ಲ ಬುಟ್ಟೀಲಿ ಹಾಕ್ಕೊಂಡು ಅಕ್ಕನ ಮನೆಗೆ ಹೋಗಿಬಿಡ್ತೀನಿ. ನೀವು ನಿಮ್ಮ ಚಿಲಕದ ಜೊತೆ ಸಂಸಾರ ಮಾಡ್ಕೊಂಡಿರಿ."

ಆಕೆ ಹೇಳಿದ್ದನ್ನು ಮಾಡುವ ಹೆಂಗಸು. ಹಿಂದೊಮ್ಮೆ ಕಿಟಕಿ ಪರದೆಯ ಬಣ್ಣದ ಮೇಲೆ ಜಗಳವಾಗಿ ಅಕ್ಕನ ಮನೆಗೆ ಹೋದವರು, ಸಾಹೇಬರು ಪರದೆಯನ್ನು ಬದಲಿಸಿ, ಬದಲಿಸಿದ್ದಕ್ಕೆ ಸಾಕ್ಷಿಯಾಗಿ ಅದರ ತುಂಡೊಂದನ್ನು ಹಿಡಿದುಕೊಂಡು ಹೋದ ಮೇಲಷ್ಟೇ ವಾಪಸು ಬಂದಿದ್ದರು. ಆ ದಿನಗಳಲ್ಲಿ ಸಾಹೇಬರು ಸುಟ್ಟ ಬ್ರೆಡ್ಡು ತಿಂದು ಬದುಕಿದ್ದರು. ಆದರೆ ಬ್ರೆಡ್ಡಿನ ಕಷ್ಟ ಲೋಕಕ್ಕೆ ಹೇಳಿಕೊಳ್ಳುವ ಕಾರಣ. ಆಕೆಯಿಲ್ಲದ ಮನೆಯಲ್ಲಿ ಜಗಳವಾಡಲು ಜನವಿಲ್ಲದೆ ಅವರು ಗೋಡೆ ಗಡಿಯಾರದ ಜೊತೆ ಮಾತಿಗಿಳಿದಿದ್ದರು ಎಂಬುದು ನಿಜವಾದ ಕಾರಣ. ಇನ್ನೊಮ್ಮೆ ಅಂಥ ಮನೆಯಲ್ಲಿರುವುದು ಅವರಿಂದ ಆಗದ ಮಾತು. ಅಂದೇ ಅವರು ನರಿಕುಲದ ಮೇಲೆ ಯುದ್ಧ ಸಾರಿದರು.

ಲಾಕರ್ ಸಾಹೇಬರು ಎಂಬುದು ಬೀದಿಯವರು ಇಟ್ಟ ಹೆಸರು. ಅವರು ಬ್ಯಾಂಕಿನಲ್ಲಿ ಲಾಕರ್ ಕೋಣೆಯ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು. ಲಾಕರ್ ತೆಗೆಯಬೇಕಾದರೆ ಎರಡು ಕೀ ಬೇಕು: ಒಂದು ಬ್ಯಾಂಕಿನದು, ಒಂದು ಗಿರಾಕಿಯದು. ಒಂದೇ ಇದ್ದರೆ ತಲೆಕೆಳಗಾಗಿ ನಿಂತರೂ ಬಾಗಿಲು ತೆರೆಯದು. ಮನುಷ್ಯಕುಲ ಬೆಂಕಿಯ ನಂತರ ಕಂಡುಹಿಡಿದ ಮಹತ್ತಾದ ಸಂಗತಿ ಇದೇ ಎಂದು ಅವರ ದೃಢವಾದ ನಂಬಿಕೆ. (ಚಕ್ರಕ್ಕೆ ಅವರು ಮೂರನೇ ಸ್ಥಾನ ಕೊಟ್ಟಿದ್ದರು.)

ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದರು. ಹಿತ್ತಿಲಿನಲ್ಲಿ ಕಬ್ಬಿಣದ ಚೌಕಟ್ಟು ಎದ್ದಿತು. ನರಿ ಕೆಳಗಿನಿಂದ ತೋಡಿಕೊಂಡು ಬರುತ್ತದೆಂದು ನೆಲಕ್ಕೆ ಕಾಂಕ್ರೀಟು ಹಾಕಿಸಿದರು. ಹದ್ದು ಮೇಲಿನಿಂದ ಎರಗುತ್ತದೆಂದು ತಗಡು ಹೊದಿಸಿ, ತಗಡಿನ ಮೇಲೂ ಜಾಲರಿ ಎಳೆಸಿದರು. ಹೆಗ್ಗಣ ನುಸುಳುತ್ತದೆಂದು ಸುತ್ತಲಿನ ಜಾಲರಿಯ ಕಣ್ಣು ಸಣ್ಣದಾಯಿತು. ಹಾವಿನ ಮರಿ ಬಂದರೆ ಎಂಬ ಯೋಚನೆ ಹುಟ್ಟಿದ ಮೇಲೆ ಇನ್ನೂ ಸಣ್ಣದಾಯಿತು. ಬಾಗಿಲ ಅಡಿಯ ಸಂದಿಗೆ ಕಬ್ಬಿಣದ ಪಟ್ಟಿ ಬಂತು. ಕಡೆಗೆ ಬಾಗಿಲಿಗೆ ಸ್ಪ್ರಿಂಗು. ಕೈಬಿಟ್ಟರೆ ತಾನೇ ಮುಚ್ಚಿಕೊಂಡು ತಾನೇ ಬೀಗ ಬೀಳಬೇಕು. ಚಿಲಕ ಮರೆಯುವ ಮಾತೇ ಇರಬಾರದು. ತೆರೆಯುವುದಕ್ಕೆ ಹೊರಗಡೆಯಿಂದ ಎರಡು ಬೀಗ, ಎರಡು ಕೀ.

"ಒಂದು ನನ್ನ ಹತ್ರ, ಒಂದು ನಿನ್ನ ಹತ್ರ. ಇಬ್ಬರೂ ಸೇರಿ ತಿರುಗಿಸಿದ್ರೆ ಮಾತ್ರ ತೆಗೆಯುತ್ತೆ," ಎಂದು ಸಾಹೇಬರು ಒಂದು ಕೀಯನ್ನು ಹೆಂಡತಿಯ ಕೈಗೆ ಗಂಭೀರವಾಗಿ ಒಪ್ಪಿಸಿದರು.

"ನರಿ ಏನು, ಕೀ ಮಾಡಿಸ್ಕೊಂಡು ಬರುತ್ತಾ?"

"ಭದ್ರತೆ ಅಂದ್ರೆ ನಿನಗೆ ಗೊತ್ತಾಗಲ್ಲ ಬಿಡು."

"ಮೊಟ್ಟೆ ತೆಗೆಯೋಕೆ ಪಕ್ಕದಲ್ಲಿ ಒಂದು ಕಿಂಡಿನಾದ್ರೂ ಇಡಿಸಿ. ಪ್ರತಿ ಸಲ ನಿಮ್ಮನ್ನ ನಿದ್ದೆಯಿಂದ ಎಬ್ಬಿಸಿ ಕರ್ಕೊಂಡು ಬರೋಕಾಗಲ್ಲ."

"ಕಿಂಡೀನಾ!" ಸಾಹೇಬರು ಹೌಹಾರಿದರು. "ಕೋಟೆಗೆ ಕಿಂಡಿ ಇಟ್ಟವರೆಲ್ಲ ಏನಾದ್ರು ಗೊತ್ತಾ?"

ಏನಾದರೆಂದು ಅವರಿಗೂ ಗೊತ್ತಿರಲಿಲ್ಲ. ಆಕೆಯೂ ಕೇಳಲಿಲ್ಲ. ಅಂದಿನಿಂದ ಬೆಳಗಾದರೆ ಗಂಡಹೆಂಡಿರು ಆಜುಬಾಜು ನಿಂತು, ಒಂದು ಎರಡು ಮೂರು ಎಂದು ಕೀ ತಿರುಗಿಸುವ ದೃಶ್ಯವನ್ನು ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಹಲ್ಲುಜ್ಜುತ್ತ ನೋಡುತ್ತಿದ್ದರು. ಕೆಲವು ದಿನ ಮಾತು ಬಿಟ್ಟಿದ್ದಾಗಲೂ ಅವರಿಬ್ಬರು ಮುಖ ಬೇರೆ ಬೇರೆ ಕಡೆ ತಿರುಗಿಸಿಕೊಂಡು ಕೀ ಮಾತ್ರ ಒಟ್ಟಿಗೆ ತಿರುಗಿಸುತ್ತಿದ್ದರು. ಕೋಳಿಗಳು ಅಷ್ಟು ಹೊತ್ತೂ ಒಳಗೆ ನಿಂತು ತಾಳ್ಮೆಯಿಂದ ಕಾಯುತ್ತಿದ್ದವು.

ಹೀಗಿರುವಾಗ ಒಂದು ಸಂಜೆ ಆಕೆ ದರ್ಜಿಯ ಅಂಗಡಿಗೆ ಹೊರಟರು. ಹೊರಡುವ ಮೊದಲು ಇಬ್ಬರೂ ಸೇರಿ ಬಾಗಿಲು ತೆಗೆದು, ಅದು ಮುಚ್ಚಿಕೊಳ್ಳದಂತೆ ಇಟ್ಟಿಗೆ ಅಡ್ಡ ಕೊಟ್ಟು, ಕೋಳಿಗಳನ್ನು ಹಿತ್ತಿಲಿಗೆ ಬಿಟ್ಟರು.

"ಇಟ್ಟಿಗೆ ಮುಟ್ಟಬೇಡಿ. ನಾನು ಬರೋದು ತಡ ಆದ್ರೆ ನೀವೇ ಕೋಳಿಗಳನ್ನ ಒಳಗೆ ಓಡಿಸಿ, ಆಮೇಲೆ ತೆಗೀರಿ. ಚುಕ್ಕಿ ಮೇಲೆ ಒಂದು ಕಣ್ಣಿರಲಿ," ಎಂದರು ಆಕೆ. ಚುಕ್ಕಿ ಅಂದರೆ ಆಕೆಯ ಪ್ರಾಣ. ಅದು ಉಳಿದ ಕೋಳಿಗಳ ಹಾಗೆ ಕರೆದರೆ ಬರುವ ಜಾತಿಯಲ್ಲ, ಮನಸ್ಸಾದರೆ ಬರುವ ಜಾತಿ.

ಆಕೆ ಬೀದಿಯ ತಿರುವು ದಾಟಿದ್ದೇ ತಡ, ಮೇಷ್ಟ್ರು ಬೇಲಿ ಸಂದಿಯಿಂದ ಒಳಗೆ ಬಂದರು. "ಏನು ಸಾಹೇಬ್ರೇ, ಒಳಗಡೆಯಿಂದ ಹೇಗಿದೆ ನಿಮ್ಮ ಅರಮನೆ?" ಎಂದು ಕೇಳಿದರು. ಕೇಳಿದ್ದು ಅಷ್ಟೇ. ಆದರೆ ನಿವೃತ್ತನಾದ ಮನುಷ್ಯನನ್ನು ಅವನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಅವನಿಗೆ ಏನಾಗುತ್ತದೆಂದು ನಿವೃತ್ತರಾದವರಿಗಷ್ಟೇ ಗೊತ್ತು. ಸಾಹೇಬರು ಪಂಚೆ ಎತ್ತಿ ಕಟ್ಟಿ, ಬೆನ್ನು ಬಗ್ಗಿಸಿ ಗೂಡಿನೊಳಗೆ ಹೊಕ್ಕರು.

"ನೋಡಿ ಮೇಷ್ಟ್ರೇ, ಈಗ ನಾನೇ ಕೋಳಿ ಅಂತ ಇಟ್ಕೊಳ್ಳಿ."

"ಇಟ್ಕೊಂಡೆ."

"ನೀವು ನರಿ. ಆ ಇಟ್ಟಿಗೆ ತೆಗೀರಿ. ಏನಾಗುತ್ತೆ ನೋಡಿ!"

ಮೇಷ್ಟ್ರು ಇಟ್ಟಿಗೆ ತೆಗೆದರು. ಬಾಗಿಲು ಮೆಲ್ಲನೆ ಬಂದು ಖಟ್ ಎಂದು ಕೂತಿತು. ಆ ಸದ್ದು ಕೇಳಿ ಸಾಹೇಬರ ಎದೆ ಹೆಮ್ಮೆಯಿಂದ ಉಬ್ಬಿತು. ಉಬ್ಬಿದ್ದು ಇಳಿಯುವಷ್ಟರಲ್ಲಿ, ತೆಗೆಯಲು ಬೇಕಾದ ಒಂದು ಕೀ ತಮ್ಮ ಅಂಗಿಯ ಜೇಬಿನಲ್ಲೂ ಇನ್ನೊಂದು ದರ್ಜಿಯ ಅಂಗಡಿಯಲ್ಲೂ ಇದೆ ಎಂಬುದು ಅವರಿಗೆ ಹೊಳೆಯಿತು.

"ಸಾಹೇಬ್ರೇ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

"ಗೊತ್ತಾಯ್ತು ಬಿಡಿ. ಅವಳು ಬರ್ತಾಳೆ. ಗಾಬರಿ ಏನಿಲ್ಲ."

"ಅದಲ್ಲ. ಗೋಡೆ ಮೇಲೆ ನೋಡಿ."

ಹಿತ್ತಿಲ ಗೋಡೆಯ ಮೇಲೆ ನರಿ ಕೂತಿತ್ತು. ಇನ್ನೂ ಬೆಳಕಿರುವಾಗಲೇ. ಕದಿಯಲು ಬಂದ ಯಾವ ನಾಚಿಕೆಯೂ ಅದರ ಮುಖದಲ್ಲಿರಲಿಲ್ಲ. ಕೋಳಿಗಳು ಕಸದ ಗುಂಡಿಯನ್ನು ಕೆದಕುತ್ತಿದ್ದವು. ಮೇಷ್ಟ್ರು ಒಮ್ಮೆ ನರಿಯನ್ನೂ ಒಮ್ಮೆ ಕೈಯಲ್ಲಿದ್ದ ಇಟ್ಟಿಗೆಯನ್ನೂ ನೋಡಿ, ಇಟ್ಟಿಗೆಯನ್ನು ಅಲ್ಲೇ ಬಿಟ್ಟು, ನೀರಿನ ತೊಟ್ಟಿಯ ಕಟ್ಟೆ ಹತ್ತಿ ನಿಂತರು.

"ಹೊಡೀರಿ ಮೇಷ್ಟ್ರೇ! ಓಡಿಸ್ರೀ!"

"ನನಗೆ ನಾಯಿ ಕಂಡ್ರೇ ಆಗಲ್ಲ ಸಾಹೇಬ್ರೇ. ಇದು ನಾಯಿಗಿಂತ ಜಾಣ ಅಂತಾರೆ."

ಸಾಹೇಬರು ಜಾಲರಿಯನ್ನು ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ, ಅಲ್ಲಾಡಬಾರದೆಂದೇ ಮಾಡಿಸಿದ್ದು. ಹೂ ಎಂದರು, ಹಾ ಎಂದರು, ಬ್ಯಾಂಕಿನಲ್ಲಿ ಕಳ್ಳ ಬಂದರೆ ಕೂಗಬೇಕೆಂದು ಹೇಳಿಕೊಟ್ಟಿದ್ದ ರೀತಿಯಲ್ಲೂ ಕೂಗಿದರು. ನರಿ ಗೋಡೆ ಇಳಿದು, ನೇರ ಗೂಡಿನ ಹತ್ತಿರ ಬಂದು, ಒಳಗೆ ಮುದುರಿ ಕೂತ ಸಾಹೇಬರನ್ನು ತಲೆ ಓರೆ ಮಾಡಿ ನೋಡಿತು. ಒಳಗಿರಬೇಕಾದವರು ಹೊರಗೆ, ಹೊರಗಿರಬೇಕಾದವರು ಒಳಗೆ ಇರುವುದು ಅದಕ್ಕೂ ಹೊಸದು. ಆಮೇಲೆ ತನಗೇಕೆ ಊರ ಉಸಾಬರಿ ಎನ್ನುವಂತೆ ಚುಕ್ಕಿಯ ಕಡೆ ತಿರುಗಿತು. ಸಾಹೇಬರ ಕಣ್ಣ ಮುಂದೆ ಬುಟ್ಟಿ ಕಂಡಿತು, ಅಕ್ಕನ ಮನೆ ಕಂಡಿತು, ಗೋಡೆ ಗಡಿಯಾರ ಕಂಡಿತು. "ಚುಕ್ಕೀ, ಓಡೇ ತಾಯಿ!" ಎಂದು ಅವರು ಜಾಲರಿಗೆ ಬಾಯಿಟ್ಟು ಕೂಗಿದರು. ಚುಕ್ಕಿಗೆ ಇನ್ನೂ ಮನಸ್ಸಾಗಿರಲಿಲ್ಲ.

ಆಗ ಪಕ್ಕದ ಓಣಿಯಿಂದ ಚಪ್ಪಲಿಯೊಂದು ಹಾರಿ ಬಂದು ನರಿಯ ಬೆನ್ನಿಗೆ ಬಿತ್ತು. ಹಿಂದೆಯೇ ಇನ್ನೊಂದು ಬಂತು. ಅದರ ಹಿಂದೆ ದರ್ಜಿಯ ಅಂಗಡಿಯ ಚೀಲ, ಚೀಲದ ಹಿಂದೆ ಸಾಹೇಬರ ಹೆಂಡತಿ. ನರಿ ಬಂದ ಗೋಡೆಯನ್ನು ಬಂದದ್ದಕ್ಕಿಂತ ಬೇಗ ಹತ್ತಿ ಮಾಯವಾಯಿತು. ಆಕೆ ಅಡುಗೆಮನೆಯ ಬಾಗಿಲು ತೆಗೆದು ಕಾಳಿನ ಡಬ್ಬಿಯನ್ನು ಗಲಗಲ ಅಲ್ಲಾಡಿಸಿದ್ದೇ ಕೋಳಿಗಳೆಲ್ಲ ಬಿದ್ದೆನೋ ಎದ್ದೆನೋ ಎಂದು ಒಳಗೆ ಓಡಿದವು. ಎಲ್ಲಕ್ಕಿಂತ ಮುಂದೆ ಚುಕ್ಕಿ. ಆಮೇಲೆ ಆಕೆ ಚಪ್ಪಲಿ ಹೆಕ್ಕಿ ಮೆಟ್ಟಿಕೊಂಡು ಗೂಡಿನ ಮುಂದೆ ಬಂದು ನಿಂತರು.

"ಒಂದೂ ಹೋಗಿಲ್ಲ," ಎಂದರು ಸಾಹೇಬರು ಅವಸರದಲ್ಲಿ. "ನಾನು ನೋಡ್ತಾನೇ ಇದ್ದೆ."

"ನೋಡ್ತಿದ್ರಿ, ಕಂಡೆ. ಕೀ ಕೊಡಿ ಹೊರಗೆ."

ಸಾಹೇಬರು ಜೇಬಿನಿಂದ ಕೀ ತೆಗೆದು ಜಾಲರಿಗೆ ಒತ್ತಿದರು. ಹೋಗಲಿಲ್ಲ. ಓರೆ ಮಾಡಿದರು, ತುದಿಯಿಂದ ತೂರಿಸಿದರು, ಬಾಗಿಲ ಅಡಿಯಲ್ಲಿ ಬೆರಳಿಟ್ಟು ಹುಡುಕಿದರು. ಕಬ್ಬಿಣದ ಪಟ್ಟಿ ಗಟ್ಟಿಯಾಗಿತ್ತು. ಹಾವಿನ ಮರಿಗೆ ದಾರಿಯಿಲ್ಲದ ಕಡೆ ಬ್ಯಾಂಕಿನ ಮಾದರಿಯ ಕೀಗೆ ಎಲ್ಲಿಯ ದಾರಿ?

"ಕಿಂಡಿ ಇದ್ದಿದ್ರೆ," ಎಂದು ಆಕೆ ಶುರು ಮಾಡಿದರು.

"ಗೊತ್ತು. ಹೇಳಬೇಡ."

"ಹೇಳಲ್ಲ ಬಿಡಿ. ಕಾಫಿ ಬೇಕಾ?"

ವೆಲ್ಡಿಂಗ್‌ನವನಿಗೆ ಫೋನ್ ಹೋಯಿತು. ಯಾರದೋ ಗೇಟು ಕೂರಿಸುತ್ತಿದ್ದೇನೆ, ಮುಗಿಸಿ ಬರುತ್ತೇನೆ, ಸಾಹೇಬರು ಆರಾಮಾಗಿರಲಿ ಎಂದ. ಕಾಫಿ ಲೋಟವಂತೂ ಒಳಗೆ ಹೋಗುವ ಹಾಗಿರಲಿಲ್ಲ. ಆಕೆ ಆರಿಸಿದ ಕಾಫಿಯನ್ನು ಜಾಲರಿಯ ಹೊರಗೆ ಹಿಡಿದು ಸ್ಟ್ರಾ ತೂರಿಸಿದರು. ಸ್ಟ್ರಾ ಒಳಗೆ ಹೋಯಿತು. ಸಾಹೇಬರು ಕುಕ್ಕರುಗಾಲಿನಲ್ಲಿ ಕೂತು ಹೀರಿದರು. ಆಕೆ ಇಟ್ಟಿಗೆಯ ಮೇಲೆ ಕೂತು, ಲೋಟ ಹಿಡಿದೇ, ರವಿಕೆಗೆ ದರ್ಜಿ ಮಾಡಿದ ಅನ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಸಾಹೇಬರು ಮಧ್ಯೆ ಎದ್ದು ಹೋಗದೆ ಪೂರ್ತಿ ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಅಷ್ಟರಲ್ಲಿ ಗಂಡನನ್ನು ಹುಡುಕಿಕೊಂಡು ಮೇಷ್ಟ್ರ ಹೆಂಡತಿ ಬಂದರು. ತೊಟ್ಟಿಯ ಕಟ್ಟೆಯಿಂದ ಇನ್ನೂ ಇಳಿಯದ ಗಂಡನನ್ನು ನೋಡಿದರು. ಗೂಡಿನೊಳಗಿನ ಸಾಹೇಬರನ್ನು ನೋಡಿದರು. ಪಕ್ಕದಲ್ಲಿ ನಿಶ್ಚಿಂತೆಯಾಗಿ ಮಾತಾಡುತ್ತ ಕೂತ ಗೆಳತಿಯನ್ನು ಬಹಳ ಹೊತ್ತು ನೋಡಿದರು.

"ಅಕ್ಕಾ, ಇದನ್ನ ಎಲ್ಲಿ ಮಾಡಿಸಿದ್ರಿ?" ಎಂದರು.

"ಯಾಕಮ್ಮಾ, ನೀವೂ ಕೋಳಿ ಸಾಕ್ತೀರಾ?"

"ಕೋಳಿ ಏನಕ್ಕೆ?" ಎಂದರು ಮೇಷ್ಟ್ರ ಹೆಂಡತಿ, ಕಣ್ಣನ್ನು ತೊಟ್ಟಿಯ ಕಡೆಗೇ ಇಟ್ಟು.

ಮೇಷ್ಟ್ರು ಕಟ್ಟೆಯ ಮೇಲೆ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಸಾಹೇಬರು ಆ ಕಡೆ ನೋಡಲೇ ಇಲ್ಲ. ತಾವು ಕಟ್ಟಿಸಿದ್ದನ್ನು ಮನಸಾರೆ ಮೆಚ್ಚಿ ಕೇಳಿದವರು ಈವರೆಗೆ ಯಾರೂ ಇರಲಿಲ್ಲ. ಅವರು ಸ್ಟ್ರಾ ಬಾಯಿಂದ ತೆಗೆದು, ಜಾಲರಿಗೆ ಮುಖ ಒತ್ತಿ, ಉತ್ಸಾಹದಿಂದ ಹೇಳಿದರು:

"ಖಂಡಿತ ಮಾಡಿಸಿ ಅಮ್ಮಾ! ಎತ್ತರ ಮಾತ್ರ ಇನ್ನೊಂದು ಸ್ವಲ್ಪ ಇರಲಿ, ಕೂತು ಕೂತು ಸೊಂಟ ಹಿಡಿಯುತ್ತೆ. ಆಮೇಲೆ ಜಾಲರಿ ಕಣ್ಣು ಇನ್ನೂ ಸಣ್ಣದು ಹಾಕಿಸಿ. ಮೇಷ್ಟ್ರು ನನಗಿಂತ ತೆಳ್ಳಗಿದ್ದಾರೆ."